ಕ್ರಯಪತ್ರದ ನಕಲಿನಲ್ಲಿ ಹೆಬ್ಬೆಟ್ಟು ಏಕೆ ಬೇಕು?

ಸಂಪಾದಕರಿಗೆ,

ಮಾನ್ಯರೇ,

ಮನೆ, ನಿವೇಶನ, ಜಮೀನು ಯಾವುದನ್ನೇ ಕೊಂಡಿರಲಿ, ಕ್ರಯಪತ್ರ ತೆರೆದು ನೋಡಿದರೆ ಭಾವಚಿತ್ರದ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅನೇಕ ಪತ್ರಗಳಲ್ಲಿ ಪಕ್ಷಗಾರರ ವಿವರದ ಜೊತೆ 12 ಅಂಕಿಯ ಆಧಾರ್ ಸಂಖ್ಯೆಯೂ ಪೂರ್ತಿ ಕಾಣುತ್ತದೆ. ಕ್ರಯದ ಹಣ ಚೆಕ್ಕಿನಲ್ಲೋ ಡಿಡಿಯಲ್ಲೋ ಪಾವತಿಯಾಗಿದ್ದರೆ ಯಾವ ಬ್ಯಾಂಕು, ಯಾವ ಶಾಖೆ ಎಂಬುದನ್ನೂ ಬರೆದಿರುತ್ತಾರೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಎಇಪಿಎಸ್‌ನಲ್ಲಿ, ಖಾತೆಯಿಂದ ನಗದು ತೆಗೆಯಲು ಬೇಕಾಗುವುದು ಈ ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಪಿನ್ ಕೇಳುವುದಿಲ್ಲ, ಒಟಿಪಿ ಬರುವುದಿಲ್ಲ, ಕಾರ್ಡ್ ಬೇಕಿಲ್ಲ.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋದದ್ದು ಹೀಗೆಯೇ. ನೋಂದಣಿ ಪತ್ರದ ಪ್ರತಿಗಳಿಂದ ಬೆರಳಚ್ಚು ಎತ್ತಿ, ಅದರ ಅಚ್ಚು ಮಾಡಿ, ಬೇರೆಲ್ಲೋ ಕುಳಿತು ಹಣ ತೆಗೆಯಲಾಗಿತ್ತು. ಅದಕ್ಕೂ ಮೊದಲು, 2018ರಲ್ಲಿ, ತೆಲಂಗಾಣದಲ್ಲಿ ನೋಂದಣಿ ದಾಖಲೆಗಳ ಬೆರಳಚ್ಚು ಬಳಸಿ ಸಿಮ್ ಕಾರ್ಡ್‌ಗಳನ್ನು ಚಾಲೂ ಮಾಡಿದ ಪ್ರಕರಣ ಬೆಳಕಿಗೆ ಬಂದಿತ್ತು. ಆ ಎಚ್ಚರಿಕೆಯನ್ನು ನಾವು ಐದು ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಗಳೂರಿನ ಪ್ರಕರಣಗಳ ನಂತರ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚಲು ಮುಂದಾದದ್ದು ಸರಿಯಾದ ಕ್ರಮ. ಆದರೆ ಅಷ್ಟರಲ್ಲಿ ಹೊರಬಿದ್ದ ಪ್ರತಿಗಳನ್ನು ಯಾರೂ ವಾಪಸು ಪಡೆಯಲಾರರು. ಸಾಲಕ್ಕೆಂದು ಬ್ಯಾಂಕಿಗೆ ಕೊಟ್ಟದ್ದು, ದಲ್ಲಾಳಿಯ ವಾಟ್ಸ್ಆ್ಯಪ್‌ನಲ್ಲಿರುವುದು, ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಉಳಿದದ್ದು, ಝೆರಾಕ್ಸ್ ಅಂಗಡಿಯ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುವುದು, ಎಲ್ಲವೂ ಇನ್ನೂ ಇವೆ.

ಬೆರಳಚ್ಚು ಗುಟ್ಟಿನ ವಸ್ತುವೇ ಅಲ್ಲ ಎಂಬುದನ್ನು ಈ ವ್ಯವಸ್ಥೆ ಕಟ್ಟಿದವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಾರ್ಡ್ ಕಳೆದರೆ ಬ್ಲಾಕ್ ಮಾಡಿಸಿ ಹೊಸದು ಪಡೆಯಬಹುದು. ಹೆಬ್ಬೆರಳನ್ನು ಬದಲಿಸಲಾಗದು. ಯಂತ್ರ ನೋಡುವುದು ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು. ಕಾಗದದ ಮೇಲೆ ಶಾಯಿಯಲ್ಲಿ ಒತ್ತಿದ ಗುರುತು ಸ್ಪಷ್ಟವಾಗಿದ್ದು, ಒಳ್ಳೆಯ ಸ್ಕ್ಯಾನ್ ಆಗಿದ್ದರೆ ಆ ಬಿಂದುಗಳು ಅಲ್ಲೂ ಉಳಿದಿರುತ್ತವೆ. ಬೆರಳು ಜೀವಂತವೋ ಅಚ್ಚೋ ಎಂದು ಪತ್ತೆಹಚ್ಚಲು ಗೆರೆಬಿಂದುಗಳ ಜೊತೆಗೆ ಬೆರಳಿನ ಚಿತ್ರವನ್ನೂ ಪರಿಶೀಲಿಸುವ ತಂತ್ರವನ್ನು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ 2023ರಲ್ಲಿ ತಂದಿದೆ. ಅದು ಅಗತ್ಯವಿದ್ದ ಸುಧಾರಣೆ. ಆದರೂ ಆ ತಪಾಸಣೆ ನಡೆಯುವುದು ಕಳ್ಳ ಅಚ್ಚು ಹಿಡಿದು ಬಂದ ಮೇಲೆ. ನಮ್ಮ ಹೆಬ್ಬೆಟ್ಟು ಅವನ ಕೈಗೆ ಸಿಗದಂತೆ ಮಾಡುವ ಕೆಲಸ ಬೇರೆಯೇ ಇದೆ.

ಇಲ್ಲಿ ಕಾನೂನಿನಲ್ಲೇ ಒಂದು ಸಂದು ಉಳಿದಿದೆ. 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವಂತಿಲ್ಲ. ಆದರೆ ಕ್ರಯಪತ್ರದ ಹೆಬ್ಬೆಟ್ಟನ್ನು ಪಡೆಯುವುದು ಆಧಾರ್ ಕಾಯ್ದೆಯಡಿ ಅಲ್ಲ, 1908ರ ನೋಂದಣಿ ಕಾಯ್ದೆಯ 32ಎ ಸೆಕ್ಷನ್ ಅಡಿ. ಅದೇ ಕಾಯ್ದೆಯ 57ನೇ ಸೆಕ್ಷನ್, ಸ್ಥಿರಾಸ್ತಿಗೆ ಸಂಬಂಧಿಸಿದ 1ನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು ಎನ್ನುತ್ತದೆ. ಭೂ ದಾಖಲೆ ಮುಕ್ತವಾಗಿರಲೇಬೇಕು. ಒಂದೇ ನಿವೇಶನವನ್ನು ನಾಲ್ವರಿಗೆ ಮಾರುವ ವಂಚನೆ ತಪ್ಪುವುದು ಇಸಿ (ಋಣಭಾರ ಪ್ರಮಾಣಪತ್ರ) ಮತ್ತು ದೃಢೀಕೃತ ನಕಲು ಸುಲಭವಾಗಿ ಸಿಕ್ಕಾಗಲೇ. ಆದರೆ ಹಕ್ಕಿನ ಪರಿಶೀಲನೆಗೆ ಬೇಕಾದದ್ದು ಯಾರು, ಯಾರಿಗೆ, ಯಾವ ಸ್ವತ್ತನ್ನು, ಯಾವ ಚಕ್ಕುಬಂದಿಯಲ್ಲಿ, ಎಷ್ಟಕ್ಕೆ, ಯಾವತ್ತು ಬರೆದುಕೊಟ್ಟರು ಎಂಬ ವಿವರ. ಹೆಬ್ಬೆಟ್ಟು ಬೇಕಾಗುವುದು ಸಹಿ ನಿರಾಕರಿಸಿ ವ್ಯಾಜ್ಯ ಹುಟ್ಟಿದಾಗ; ಆಗ ನ್ಯಾಯಾಲಯ ಮೂಲವನ್ನೇ ತರಿಸಿಕೊಳ್ಳುತ್ತದೆ. ಆನ್‌ಲೈನ್ ಪ್ರತಿಯಲ್ಲಾಗಲಿ, ಕೌಂಟರಿನಲ್ಲಿ ಕೊಡುವ ಕಾಗದದ ನಕಲಿನಲ್ಲಾಗಲಿ ಹೆಬ್ಬೆಟ್ಟು ಕಾಣಬೇಕಾದ ಕಾರಣವೇ ಇಲ್ಲ.

ಇನ್ನು ಓದುಗರು ತಾವೇ ಮಾಡಿಕೊಳ್ಳಬಹುದಾದದ್ದು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು ಎಲ್ಲಕ್ಕಿಂತ ಗಟ್ಟಿ ರಕ್ಷಣೆ. ಮೈಆಧಾರ್ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಒಳಹೋದರೆ ಬಯೋಮೆಟ್ರಿಕ್ ಲಾಕ್, ಅನ್‌ಲಾಕ್ ಎಂಬ ಆಯ್ಕೆ ಸಿಗುತ್ತದೆ. ಯುಐಡಿಎಐನ ಮೊಬೈಲ್ ಆ್ಯಪ್‌ನಲ್ಲೂ ಇದೆ. ಹಣ ಕೊಡಬೇಕಾಗಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗ ನಿಮ್ಮ ಕೈಯಲ್ಲಿ ಇರಬೇಕು, ಅಷ್ಟೇ. ಹಳೆಯ ಸಿಮ್ ಬಿಟ್ಟು ವರ್ಷಗಳಾದವರು ಮೊದಲು ಆಧಾರ್ ಸೇವಾ ಕೇಂದ್ರದಲ್ಲಿ ಸಂಖ್ಯೆ ಬದಲಿಸಿಕೊಳ್ಳಬೇಕು. ಲಾಕ್ ಆದ ಮೇಲೆ ಬೆರಳು, ಕಣ್ಣಿನ ಪಾಪೆ, ಮುಖ ಯಾವುದರಿಂದಲೂ ದೃಢೀಕರಣ ಆಗದು. ಯಂತ್ರ 330 ಎಂಬ ದೋಷ ಸಂಖ್ಯೆ ತೋರಿಸಿ ನಿಲ್ಲುತ್ತದೆ. ನಿಮಗೇ ಬೇಕಾದಾಗ ತಾತ್ಕಾಲಿಕವಾಗಿ ಬಿಡಿಸಿಕೊಂಡರೆ 10 ನಿಮಿಷದ ನಂತರ ತಾನಾಗಿಯೇ ಮತ್ತೆ ಲಾಕ್ ಆಗುತ್ತದೆ.

ಇದೇ ಜಾಲತಾಣದಲ್ಲಿ ಆಧಾರ್ ಸಂಖ್ಯೆಯನ್ನು ಲಾಕ್ ಮಾಡುವ ಇನ್ನೊಂದು ಸೌಲಭ್ಯವೂ ಇದೆ. ಎರಡನ್ನೂ ಒಂದೇ ಎಂದುಕೊಂಡು ಅನೇಕರು ತೊಂದರೆಗೆ ಸಿಲುಕುತ್ತಾರೆ. ಸಂಖ್ಯೆಯನ್ನು ಲಾಕ್ ಮಾಡಿದರೆ ಎಲ್ಲ ದೃಢೀಕರಣಕ್ಕೂ ಆ ಸಂಖ್ಯೆಯ ಬದಲು 16 ಅಂಕಿಯ ವರ್ಚುವಲ್ ಐಡಿಯನ್ನೇ ಕೊಡಬೇಕಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳದವರು ಆ ಕಡೆ ಹೋಗದಿರುವುದು ಮೇಲು. ಬಹುತೇಕರಿಗೆ ಬಯೋಮೆಟ್ರಿಕ್ ಲಾಕ್ ಸಾಕು. ಅದರಿಂದ ಒಟಿಪಿ ಮೂಲಕ ನಡೆಯುವ ಕೆಲಸಗಳು ನಿಲ್ಲುವುದಿಲ್ಲ, ಗೃಹಲಕ್ಷ್ಮಿ, ಪಿಂಚಣಿ, ಬೆಳೆ ಪರಿಹಾರದಂಥ ನೇರ ನಗದು ಖಾತೆಗೆ ಬೀಳುವುದೂ ನಿಲ್ಲುವುದಿಲ್ಲ. ಅದಕ್ಕೆ ಆಧಾರ್ ಸಂಖ್ಯೆಯ ಜೋಡಣೆ ಸಾಕು, ಬೆರಳು ಬೇಕಿಲ್ಲ. ಆ ಹಣ ನಿಂತೀತೆಂಬ ಭಯದಿಂದಲೇ ಹಳ್ಳಿಗಳಲ್ಲಿ ಹಲವರು ಲಾಕ್ ಮಾಡಲು ಹಿಂಜರಿಯುತ್ತಾರೆ. ಆದರೆ ಗಾಬರಿಯಲ್ಲಿ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯನ್ನೇ ತೆಗೆಸಿದರೆ ಆಗ ನಿಜವಾಗಿಯೂ ಆ ಹಣ ನಿಲ್ಲಬಹುದು.

ಎಲ್ಲರಿಗೂ ಒಂದೇ ಸಲಹೆ ಕೊಡಲಾಗದು. ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ಹಣ ಪಡೆಯುವ ವೃದ್ಧರು, ಎಟಿಎಂ ಹತ್ತು ಮೈಲಿ ದೂರವಿರುವ ಊರಿನವರು ಈ ವ್ಯವಸ್ಥೆಯನ್ನೇ ನಂಬಿದ್ದಾರೆ, ಅವರಿಗೆ ಅದು ದೊಡ್ಡ ಅನುಕೂಲ. ಅಂಥವರು ಹಣ ತೆಗೆಯುವ ಹೊತ್ತಿಗೆ ಮಾತ್ರ ಬಿಡಿಸಿಕೊಳ್ಳುವುದನ್ನು ಮನೆಯ ಮಕ್ಕಳು ಕಲಿಸಿಕೊಡಬೇಕು. ನ್ಯಾಯಬೆಲೆ ಅಂಗಡಿಗೂ ಇದೇ ಮಾತು. ಕಾರ್ಡಿನಲ್ಲಿರುವ ಒಬ್ಬರು ಬೆರಳು ಕೊಟ್ಟರೆ ಪಡಿತರ ಸಿಗುತ್ತದೆ, ಹಾಗಾಗಿ ಅಂಗಡಿಗೆ ಹೋಗುವವರು ಮಾತ್ರ ಬಿಡಿಸಿಕೊಂಡರೆ ಸಾಕು. ಎಇಪಿಎಸ್ ಅಗತ್ಯವೇ ಇಲ್ಲದ ನಗರವಾಸಿಗಳು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ತಮ್ಮ ಖಾತೆಗೆ ಆ ಸೌಲಭ್ಯ ನಿಲ್ಲಿಸಲು ಕೇಳಲಿ, ಸ್ವೀಕೃತಿ ಪಡೆದುಕೊಳ್ಳಲಿ. ನಾವು ಕೇಳದಿದ್ದರೂ ಚಾಲೂ ಆಗಿರುವ ಸೌಲಭ್ಯವೊಂದನ್ನು ನಿಲ್ಲಿಸಲು ನಾವೇ ಅರ್ಜಿ ಹಿಡಿದು ಹೋಗಬೇಕಾಗಿರುವುದು ಅನ್ಯಾಯ.

ಆಧಾರ್ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಕೊಡಿ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಇದೇ ಸಲಹೆ ಕೊಟ್ಟು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥೈಸಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ಸಲಹೆ ಸರಿಯಾಗಿಯೇ ಇತ್ತು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೆಮ್ಮದಿಯಿಂದ ವಾಟ್ಸ್ಆ್ಯಪ್‌ನಲ್ಲಿ ಕಳಿಸುವವರಿಗೆ ಒಂದು ಮಾತು: ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮನ್ನು ಬಲ್ಲ ಯಾರಾದರೂ ಅದನ್ನು ತೆರೆಯಬಲ್ಲರು. ಸೈಬರ್ ಅಂಗಡಿಯಲ್ಲಿ ಇಳಿಸಿಕೊಂಡಿದ್ದರೆ ಫೈಲನ್ನು ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಲಾಗೌಟ್ ಆಗಿಯೇ ಏಳಬೇಕು.

ಮೈಆಧಾರ್‌ನಲ್ಲಿ ಕಳೆದ 6 ತಿಂಗಳ ದೃಢೀಕರಣ ಇತಿಹಾಸವೂ ಸಿಗುತ್ತದೆ. ನೀವು ಬೆರಳೊತ್ತದ ದಿನ ಬೆರಳಚ್ಚಿನ ದೃಢೀಕರಣ ದಾಖಲಾಗಿದ್ದರೆ, ವಿಫಲ ಪ್ರಯತ್ನವೇ ಆಗಿದ್ದರೂ, ಯಾರೋ ನಿಮ್ಮ ಸಂಖ್ಯೆಯನ್ನು ಪರೀಕ್ಷಿಸುತ್ತಿದ್ದಾರೆ ಎಂದು ತಿಳಿಯಬೇಕು.

ಹಣ ಹೋಗಿಯೇ ಬಿಟ್ಟರೆ ಮೊದಲು ಬಯೋಮೆಟ್ರಿಕ್ ಲಾಕ್ ಮಾಡಿ. ಒಂದು ಸಲಕ್ಕೆ ತೆಗೆಯಬಹುದಾದ ಮಿತಿ 10,000 ರೂಪಾಯಿ ಇರುವುದರಿಂದ ಕಳ್ಳ ಕಂತುಕಂತಾಗಿ ತೆಗೆಯುತ್ತಾನೆ, ಮರುದಿನ ಮತ್ತೆ ಬರುತ್ತಾನೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ವೇಳೆ, ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಆನಂತರ ಬ್ಯಾಂಕಿಗೆ ಲಿಖಿತ ದೂರು. ನಿಮ್ಮದೇ ಬೆರಳು ಹೊಂದಿಕೆಯಾಗಿದೆ, ನಾವೇನೂ ಮಾಡಲಾಗದು ಎಂಬ ಉತ್ತರ ಶಾಖೆಗಳಲ್ಲಿ ಬರುವುದುಂಟು. ಅದನ್ನು ಒಪ್ಪಿಕೊಂಡು ಹಿಂದಿರುಗಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆದಾರರು ಹೆಚ್ಚೆಂದರೆ 10,000, ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯವರು 5,000 ರೂಪಾಯಿ ಕಳೆದುಕೊಳ್ಳಬೇಕಾದೀತು. ತಿಳಿಸಿದ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, ಗ್ರಾಹಕನದೇ ತಪ್ಪೆಂದು ಸಾಬೀತು ಮಾಡುವ ಹೊರೆ ಬ್ಯಾಂಕಿನದು. ಅರ್ಜಿಯಲ್ಲಿ ಈ ಸುತ್ತೋಲೆಯ ದಿನಾಂಕವನ್ನೇ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ತಿರಸ್ಕರಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ನೋಂದಣಿ ಇಲಾಖೆ ದಂಡದ ಭಯಕ್ಕೆ ಕಾಯಬೇಕಿಲ್ಲ. ಹಳೆಯ ಸ್ಕ್ಯಾನ್‌ಗಳೂ ಸೇರಿದಂತೆ ಹೊರಗೆ ಕೊಡುವ ಪ್ರತಿಯೊಂದು ನಕಲಿನಲ್ಲಿ, ಕೌಂಟರಿನ ಕಾಗದದಲ್ಲೂ, ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯ ಮೊದಲ 8 ಅಂಕಿ ಮರೆಯಾಗಿರಬೇಕು. ಯಾರ ಪತ್ರದ ನಕಲನ್ನು ಯಾರು ಪಡೆದರು ಎಂಬುದು ದಾಖಲಾಗಿ, ಆಸ್ತಿಯ ಮಾಲೀಕರಿಗೆ ಎಸ್‌ಎಂಎಸ್ ಹೋಗಬೇಕು. ಪತ್ರ ಬರಹಗಾರರು ಕರಡಿನಲ್ಲಿ ಆಧಾರ್ ಸಂಖ್ಯೆಯನ್ನು ಪೂರ್ತಿ ಬರೆಯುವುದನ್ನು ನಿಲ್ಲಿಸುವಂತೆ ಸೂಚಿಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಶುಲ್ಕದ ಫಲಕದ ಪಕ್ಕದಲ್ಲೇ ಬಯೋಮೆಟ್ರಿಕ್ ಲಾಕ್ ಮಾಡುವ ಕ್ರಮವನ್ನೂ ಯುಐಡಿಎಐ ಸಹಾಯವಾಣಿ 1947 ಸಂಖ್ಯೆಯನ್ನೂ ಕನ್ನಡದಲ್ಲಿ ಬರೆದು ಹಾಕಲಿ. ನೋಂದಣಿ ಮುಗಿಸಿ ಹೊರಡುವ ಪಕ್ಷಗಾರರಿಗೆ ಸಿಬ್ಬಂದಿ ಅದನ್ನು ತೋರಿಸಿ ಕಳಿಸಲಿ.

ಇತಿ,
ಒಬ್ಬ ಓದುಗ, ಮೈಸೂರು