ಗಂಟೆ ಹಾಕಿದ್ರೆ ಸಾಲದು, ವಾರಾನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ., ನೇರ ಫ್ಲೈಟಲ್ಲಿ 16 ಗಂಟೆ ಅಂತ ಒಂದು ಬಾಕ್ಸ್ ಹಾಕಿದ್ರಿ. ಲೆಕ್ಕ ತಪ್ಪಿಲ್ಲ. ಆದ್ರೆ ಬರೀ ಗಂಟೆ ಎಣಿಸ್ಕೊಂಡು ಏರ್‌ಪೋರ್ಟಿಗೆ ಹೋದ್ರೆ ಏನಾಗುತ್ತೆ ಅಂತ ನಮ್ಮನೇಲಿ ಆಗಿದ್ದನ್ನ ಹೇಳ್ತೀನಿ.

ಎರಡು ವರ್ಷದ ಹಿಂದೆ ಜನವರಿಲಿ ಮಗಳು ಅಲ್ಲಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಡೋಳಿದ್ಲು, ಇಲ್ಲಿಗೆ ಬೆಳಗಿನ ಜಾವ 4ಕ್ಕೆ ಅಂದ್ಲು, ಶುಕ್ರವಾರ ರಾತ್ರಿ ಬಿಟ್ರೆ ಬೆಳಗಿನ ಜಾವ ಅಂದ್ರೆ ಶನಿವಾರ ತಾನೇ ಅಂತ ನಾನು, ನನ್ನ ಮಾತು ನಂಬಿ ಬಾಮೈದ ಪಾಪ ರಾತ್ರಿ ಎರಡು ಗಂಟೆಗೆ ಹನುಮಂತನಗರದಿಂದ ಕಾರ್ ತೆಗೆದ. ಐದು ಗಂಟೆಗೆ ಫೋನು. "ಭಾವ, ಬೋರ್ಡಲ್ಲಿ ಆ ಫ್ಲೈಟೇ ಇಲ್ವಲ್ಲ?" ಎದೆ ಧಸಕ್ ಅಂತು. ಮಗಳಿಗೆ ವಿಡಿಯೋ ಕಾಲ್ ಮಾಡಿದ್ರೆ ಅವಳು ನೆಲದ ಮೇಲೆ ಕೂತ್ಕೊಂಡು ಸೂಟ್‌ಕೇಸ್ 23 ಕೆಜಿ ದಾಟಿದೆ ಅಂತ ಬಟ್ಟೆ ತೆಗೀತಾ ಇದಾಳೆ! ಅಲ್ಲಿ ಇನ್ನೂ ಶುಕ್ರವಾರ ಮಧ್ಯಾಹ್ನ ಮೂರೂವರೆ. ಟಿಕೆಟಲ್ಲಿ 4:00 ಪಕ್ಕ ಇರುವೆ ಗಾತ್ರದಲ್ಲಿ +2 ಅಂತ ಇತ್ತಂತೆ, ಅಂದ್ರೆ ಹೊರಟ ತಾರೀಖಿಗೆ ಎರಡು ದಿನ ಕೂಡಿಸ್ಕೊಳ್ಳಿ ಅಂತ, ನನ್ನ ಕನ್ನಡಕಕ್ಕೆ ಬೀಳ್ಲಿಲ್ಲ.

ಆ ಊರು ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೇಲಿ ಅವರು ಗಡಿಯಾರ ಮುಂದಕ್ಕೆ ತಿರುಗಿಸ್ಕೊಳ್ಳೋದ್ರಿಂದ ಹನ್ನೆರಡೂವರೆ. ಹಂಗಾಗಿ ಜನವರಿಲಿ ಇಲ್ಲಿಂದ ಮಧ್ಯಾಹ್ನ ಎರಡೂವರೆಗೆ ಹೊರಟೋರು 16 ಗಂಟೆ ಹಾರಿ ಅದೇ ದಿನ ಸಂಜೆ 5ಕ್ಕೆ ಇಳೀತಾರೆ, ವಾಪಸ್ ಬರೋವಾಗ ಮಾತ್ರ ಒಂದು ಇಡೀ ಶನಿವಾರ ಗೋವಿಂದ.

14,000 ಕಿ.ಮೀ. ಬಗ್ಗೇನೂ ಒಂದು ಸಾಲು ಬರೀಬಹುದಿತ್ತು. ಅದು ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದಲ್ಲ. ಮೊಮ್ಮಗನ ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡ್ದೆ, ಎಲ್ಲಕ್ಕಿಂತ ಹತ್ತಿರದ ದಾರಿ ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಹೋಗುತ್ತೆ. 2021ರ ಜನವರಿಲಿ ಏರ್ ಇಂಡಿಯಾದ ಮೊದಲ ನೇರ ಫ್ಲೈಟನ್ನ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಕಡೆಯಿಂದ ದೇವನಹಳ್ಳಿಗೆ ತಂದು ಇಳಿಸಿದ್ದು ನೆನಪಿರಬಹುದು. ಪ್ರತಿ ಸಲ ಅದೇ ದಾರಿ ಅಂತೇನಿಲ್ಲ, ಇಲ್ಲಿಂದ ಹೋಗೋವಾಗ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗೋ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಸಿಗುತ್ತೆ ಅಂದ್ರೆ ದೂರ ಸ್ವಲ್ಪ ಜಾಸ್ತಿ ಆದ್ರೂ ಪೆಸಿಫಿಕ್ ಮೇಲೇ ಹೋಗ್ತಾರೆ.

ಮತ್ತೆ ಆ 16 ಗಂಟೆ ಬರೀ ಫ್ಲೈಟಿಂದು. ನಮ್ಮನೆಯಿಂದ ಹೆಬ್ಬಾಳ ದಾಟೋಕೇ ಸಂಜೆ ಹೊತ್ತು ಒಂದೂವರೆ ಗಂಟೆ, ಮೂರು ಗಂಟೆ ಮುಂಚೆ ಚೆಕ್-ಇನ್, ಆ ಕಡೆ ಇಮಿಗ್ರೇಷನ್ ಕ್ಯೂ. ಬಾಗಿಲಿಂದ ಬಾಗಿಲಿಗೆ ಒಂದು ದಿನ ಹಿಡಿಯುತ್ತೆ.

ಮುಂದಿನ ಸಲ ಇಂಥ ಬಾಕ್ಸ್ ಹಾಕೋವಾಗ "ಶುಕ್ರವಾರ ರಾತ್ರಿ ಬಿಟ್ಟು ಭಾನುವಾರ ಬೆಳಗಿನ ಜಾವ" ಅಂತ ವಾರದ ಸಮೇತ ಹಾಕಿ, ಆ +2ನ ಸ್ವಲ್ಪ ದಪ್ಪಕ್ಷರದಲ್ಲಿ.

ಇತಿ,
ನಿಮ್ಮ ಹಳೇ ಓದುಗ, ಹನುಮಂತನಗರ, ಬೆಂಗಳೂರು