ಲಕ್ಷ್ಮೀ ಪೂಜೆಗೆ ಮತ್ತೆ ಕರೆದವರಿಗೆ

ಈ ದೀಪಾವಳಿಯ ಲಕ್ಷ್ಮೀ ಪೂಜೆಯ ಸಂಜೆ 14 ಅಂಗಡಿಗಳಿಗೆ ಹೋಗಿ ಬಂದೆ. ಗಣಪತ್ ಗಲ್ಲಿ, ಖಡೇಬಜಾರ್, ರವಿವಾರ ಪೇಟೆ, ಕೊನೆಗೆ ಶಹಾಪುರ. ಎಲ್ಲ ಕಡೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ. ಕೈಗೆ ಚುರುಮುರಿ, ಬತ್ತಾಸು, ಪೇಢೆ. ಕೊಟ್ಟಿದ್ದನ್ನೆಲ್ಲ ತಿಂದೆ. ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಮರುದಿನ ಏಳು ಗಂಟೆಗೆ ಎದ್ದೆ. ಓಡಲು ಹೋಗಲಿಲ್ಲ.

ಇದರಲ್ಲಿ ಹೇಳುವಂಥದ್ದೇನಿದೆ ಅನ್ನಿಸಬಹುದು. 2022ರಲ್ಲಿ, 2023ರಲ್ಲಿ ನಾನು ಒಂದು ಅಂಗಡಿಗೂ ಹೋಗಿರಲಿಲ್ಲ. ಹೋದ ವರ್ಷ ಎರಡೇ ಎರಡು. ಅದಕ್ಕೇ ಈ ಬರಹ. ಆ 14 ಅಂಗಡಿಯವರಿಗೆ, ನಮ್ಮ ಕಟ್ಟಡದ ಮೂರನೇ ಮಹಡಿಯ ಸರ್‌ಗೆ, ಮತ್ತೆ ಕೆಲವರಿಗೆ ಎಲ್ಲರ ಎದುರು ಧನ್ಯವಾದ ಹೇಳಬೇಕು.

ಬೆಳಗಾವಿಯಲ್ಲಿ ನನ್ನದು ಸಣ್ಣ ಆಫೀಸು. ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು, ಆದಾಯ ತೆರಿಗೆ ಕೆಲಸ. 2014ರಲ್ಲಿ ಶುರು ಮಾಡಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅಂಗಡಿ ಮುಚ್ಚಿದ ಮೇಲೆ ರಾತ್ರಿ ಹನ್ನೊಂದರವರೆಗೆ ಒಬ್ಬೊಬ್ಬರ ಗಲ್ಲಾದ ಪಕ್ಕ ಕೂತು ಬಿಲ್ ಮಾಡುವುದನ್ನು ಕಲಿಸಿದ್ದೆ. ನನಗೂ ಅದು ಹೊಸದೇ. ಇಬ್ಬರೂ ಕೂಡಿ ಕಲಿತೆವು. ಅವರ ಮನೆಯವರು ಊಟ ಕಳಿಸುತ್ತಿದ್ದರು. ನಮ್ಮ ನಡುವಿನ ಸಂಬಂಧ ಬೆಳೆದದ್ದು ಹಾಗೆ.

2021ರಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ನಾನು ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ನಡೆಯಲು ಶುರು ಮಾಡಿದೆ. ಆ ಮರಗಳ ನಡುವೆ ಬೆಳಿಗ್ಗೆ ನಡೆಯುವುದು ನಿಜಕ್ಕೂ ಮನಸ್ಸಿಗೆ ಹಿತ ಕೊಟ್ಟಿತು. ನಡಿಗೆ ಓಟವಾಯಿತು. 5 ಕಿಲೋಮೀಟರ್, 10, ಆಮೇಲೆ ಹಾಫ್ ಮ್ಯಾರಥಾನ್. ಎಲ್ಲರೂ ಹೊಗಳಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಯಾವಾಗ ಕೆಟ್ಟಿತು ಅಂತ ಒಂದು ದಿನ ತೋರಿಸಿ ಹೇಳಲು ಆಗುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಒಂದು ಸಲ, ಸಂಜೆ ಐದೂವರೆಗೆ ಇನ್ನೊಂದು ಸಲ ಓಡತೊಡಗಿದೆ. ನಮ್ಮೂರ ಜುಲೈ ಮಳೆ ಗೊತ್ತಲ್ವಾ, ನಿಲ್ಲುವುದೇ ಇಲ್ಲ. ಆಗ ಅಪಾರ್ಟ್‌ಮೆಂಟ್‌ನ ಮೆಟ್ಟಿಲನ್ನು ಐವತ್ತು ಸಲ ಹತ್ತಿ ಇಳಿಯುತ್ತಿದ್ದೆ. ಒಂದು ಚಮಚ ಕುಂದಾ ತಿಂದರೆ ಅದಕ್ಕೆ ಲೆಕ್ಕ ಹಾಕಿ ಮತ್ತಷ್ಟು ಓಟ. ತಿಂದದ್ದೆಲ್ಲ ಸಾಲದ ಹಾಗೆ, ಬೆವರು ಸುರಿಸಿ ತೀರಿಸಲೇಬೇಕು ಅನ್ನಿಸುತ್ತಿತ್ತು. ಮದುವೆಗೆ ಹೋದರೆ ಇವತ್ತು ಉಪವಾಸ ಅಂತ ಸುಳ್ಳು ಹೇಳುತ್ತಿದ್ದೆ. ಒಂದು ದಿನ ಓಟ ತಪ್ಪಿದರೆ ಸಿಡುಕು, ನಿದ್ದೆ ಇಲ್ಲ. ಏನೋ ತಪ್ಪು ಮಾಡಿದ ಹಾಗೆ ಒದ್ದಾಟ.

ಸಂಜೆ ಐದೂವರೆ ಎಂದರೆ ಅಂಗಡಿಯವರಿಗೆ ನನ್ನ ಜೊತೆ ಮಾತಾಡಲು ಸಿಗುವ ಹೊತ್ತು. ಆ ಹೊತ್ತಿಗೇ ನನ್ನ ಫೋನ್ ಸೈಲೆಂಟ್. ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ ಇಲಾಖೆಯಿಂದ ನೋಟಿಸ್ ಬಂದಿತ್ತು. ಮೂರು ಸಂಜೆ ಫೋನ್ ಮಾಡಿದರು. ನಾನು ನಾಲ್ಕನೇ ದಿನ ಉತ್ತರಿಸಿದೆ. ಇನ್ನೊಬ್ಬರ ರಿಟರ್ನ್ 20ನೇ ತಾರೀಕು ದಾಟಿ ಹೋಯಿತು. ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ ಬಿತ್ತು. ನಾನೇ ಕಟ್ಟಿದೆ. ಆದರೆ ಆರು ವರ್ಷ ನನ್ನ ಮೇಲೆ ಎಲ್ಲ ಬಿಟ್ಟು ನಿಶ್ಚಿಂತೆಯಿಂದಿದ್ದವರು ಆಮೇಲೆ ಪ್ರತಿ ತಿಂಗಳು 18ಕ್ಕೆ ಫೋನ್ ಮಾಡಿ ‘ಆತೇನ್ರಿ?’ ಎಂದು ಕೇಳತೊಡಗಿದರು. ಅದು ನನಗೆ ಫೀಗಿಂತ ಜಾಸ್ತಿ ನೋವು ಕೊಟ್ಟಿತು. ಆದರೂ ಸಂಜೆಯ ಓಟ ಬಿಡಲಿಲ್ಲ.

ಮೊದಲು ಗುರುತಿಸಿದವರು ಶಹಾಪುರದ ಸೀರೆ ಅಂಗಡಿಯ ಕಾಕಾ. ಅವರು ಯಾವಾಗಲೂ ‘ಮೇಡಮ್ಮಾರ’ ಎನ್ನುತ್ತಾರೆ. 2024ರ ಜೂನ್‌ನಲ್ಲಿ ಒಂದು ದಿನ ಬಿಲ್ ಕೊಡಲು ಬಂದವರು ನಾನು ಮೆಟ್ಟಿಲು ಇಳಿಯುವುದನ್ನು ನೋಡಿದರು. ‘ಯವ್ವಾ, ಗ್ವಾಡಿ ಹಿಡಕೊಂಡ ಯಾಕ ಇಳ್ಯಾಕತ್ತೀರಿ? ಇಷ್ಟ್ಯಾಕ ಸೊರಗೀರಿ? ನಿಮಗ ಆರಾಮ ಇಲ್ಲ. ಲೆಕ್ಕ ಆಮ್ಯಾಲ ನೋಡೋಣು, ಮೊದಲ ಡಾಕ್ಟರ್ ಕಡೆ ಹೋಗ್ರಿ’ ಎಂದರು. ನನ್ನ ಜೊತೆ ಓಡುವವರು ಯಾರೂ ಇದನ್ನು ಹೇಳಿರಲಿಲ್ಲ. ಅವರು ನನ್ನ ವೇಗವನ್ನು ನೋಡುತ್ತಿದ್ದರು. ಕಾಕಾ ನನ್ನನ್ನು ಹತ್ತು ವರ್ಷದಿಂದ ನೋಡಿದವರು.

ಮೊಣಕಾಲ ಕೆಳಗಿನ ನೋವು ಆಗಲೇ ಎರಡು ತಿಂಗಳು ಹಳೆಯದು. ಮಾತ್ರೆ ನುಂಗಿ ಓಡುತ್ತಿದ್ದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಸಣ್ಣ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಎಷ್ಟೋ ಸಲ ಸಿಗುವುದಿಲ್ಲ. ಎಂಆರ್‌ಐಯಲ್ಲಿ ಕಂಡಿತು. ಸ್ಟ್ರೆಸ್ ಫ್ರ್ಯಾಕ್ಚರ್. ಡಾಕ್ಟರಮ್ಮ ಮೂರು ಪ್ರಶ್ನೆ ಕೇಳಿದರು. ದಿನಕ್ಕೆ ಏನು ಊಟ? ಮುಟ್ಟು ಕೊನೆಯ ಸಲ ಯಾವಾಗ ಆಯಿತು? ಓಡದೇ ಇದ್ದ ದಿನ ಹೇಗನ್ನಿಸುತ್ತದೆ? ಮುಟ್ಟು ನಿಂತು ಏಳು ತಿಂಗಳಾಗಿತ್ತು. ಕೆಲಸದ ಒತ್ತಡ ಅಂದುಕೊಂಡು ಸುಮ್ನೆ ಇದ್ದೆ. ಮೂರನೆಯ ಪ್ರಶ್ನೆಗೆ ಉತ್ತರ ಹೇಳಲಾಗದೆ ಅತ್ತುಬಿಟ್ಟೆ.

ಅವರು ಬಿಡಿಸಿ ಹೇಳಿದರು. ದೇಹಕ್ಕೆ ಬೇಕಾದಷ್ಟು ಊಟ ಸಿಗದೇ ಬರೀ ಖರ್ಚಾಗುತ್ತಿದ್ದರೆ ಅದು ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಎಲುಬನ್ನು ದುರ್ಬಲ ಮಾಡುತ್ತದೆ. ಇದಕ್ಕೆ ‘ರೆಡ್-ಎಸ್’ ಎನ್ನುತ್ತಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕೊಟ್ಟ ಹೆಸರು. ಗಂಡಸರಿಗೂ ಆಗುತ್ತದೆ. ಓಟಗಾರ್ತಿಯರೇ, ಮುಟ್ಟು ಮೂರು ತಿಂಗಳು ತಪ್ಪಿದರೆ ದಯವಿಟ್ಟು ಡಾಕ್ಟರನ್ನು ಕಾಣಿ. ನನ್ನ ಹಾಗೆ ಏಳು ತಿಂಗಳು ಕಾಯಬೇಡಿ.

ಕಾಲಿಗೆ ಔಷಧ ಇಲ್ಲಿ, ಮನಸ್ಸಿಗೆ ಧಾರವಾಡದಲ್ಲಿ. ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಆಪ್ತಸಮಾಲೋಚಕಿ ಒಂದು ಹಳೆಯ ಅಧ್ಯಯನದ ಸಂಗತಿ ಹೇಳಿದರು. 1970ರಲ್ಲಿ ಬೇಕ್‌ಲ್ಯಾಂಡ್ ಎಂಬ ಅಮೆರಿಕದ ಸಂಶೋಧಕರು ವ್ಯಾಯಾಮ ಮಾಡುವವರು ಒಂದು ತಿಂಗಳು ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಹೊರಟರು. ಹೆಚ್ಚುಕಮ್ಮಿ ದಿನಾ ವ್ಯಾಯಾಮ ಮಾಡುವವರು ದುಡ್ಡು ಕೊಡುತ್ತೇನೆಂದರೂ ಬಿಡಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು-ನಾಲ್ಕು ದಿನ ಮಾಡುವವರನ್ನು ಹುಡುಕಬೇಕಾಯಿತು. ಅದನ್ನು ಕೇಳಿ ನನಗೆ ಅರ್ಧ ಭಾರ ಇಳಿಯಿತು. ನಾನೊಬ್ಬಳೇ ಅಲ್ಲ ಅಂತ.

ನಾನು ವಾರಕ್ಕೆ 17 ಗಂಟೆ ಓಡುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಅದೂ ಸಾಧಾರಣ ವೇಗದ ವ್ಯಾಯಾಮ. ಆದರೆ ಗಂಟೆಯಿಂದಲೇ ರೋಗ ಗೊತ್ತಾಗುವುದಿಲ್ಲ. ದೊಡ್ಡ ಕ್ರೀಡಾಪಟುಗಳು ಇದಕ್ಕಿಂತ ಜಾಸ್ತಿ ಮಾಡುತ್ತಾರೆ. ಅವರು ಕೋಚ್ ಹೇಳಿದ ದಿನ ಸುಮ್ಮನೆ ಮಲಗುತ್ತಾರೆ. ನನಗೆ ಮಲಗಲು ಆಗುತ್ತಿರಲಿಲ್ಲ. ಎಲುಬು ಬಿರುಕು ಬಿಟ್ಟರೂ ನಿಲ್ಲಿಸಲು ಆಗಲಿಲ್ಲ. ಅದೇ ಗುರುತು.

ಈಗ ಮೂರನೇ ಮಹಡಿಯ ಸರ್ ಬಗ್ಗೆ. ಅವರೂ ನನ್ನದೇ ಕೆಲಸ ಮಾಡುವವರು. ನನ್ನ ಕಾಲಿಗೆ ಪೂರ್ತಿ ವಿಶ್ರಾಂತಿ ಎಂದದ್ದು 2024ರ ಜುಲೈ ಮೊದಲ ವಾರ. 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು, 31ಕ್ಕೆ ಆದಾಯ ತೆರಿಗೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ಕಷ್ಟದ ತಿಂಗಳು ಕಡಿಮೆ. ನಾನು ಮಂಚದ ಮೇಲಿದ್ದೆ. ಸರ್ ತಮ್ಮ ಕೆಲಸ ಮುಗಿಸಿ ರಾತ್ರಿ ನನ್ನ ಆಫೀಸಿಗೆ ಇಳಿದು ಬಂದು, ನನ್ನ ಹುಡುಗಿಯರ ಜೊತೆ ಕೂತು, ಒಟಿಪಿಗಾಗಿ ಒಬ್ಬೊಬ್ಬರಿಗೂ ಫೋನ್ ಮಾಡಿ ಎಲ್ಲ ರಿಟರ್ನ್ ತುಂಬಿಸಿದರು. ಒಂದೂ ತಾರೀಕು ದಾಟಲಿಲ್ಲ. ‘ಇನ್ನ ಮ್ಯಾಲೆ ನಿಮ್ಮ ಕಡೇನೇ ಕೊಡ್ತೀವ್ರಿ’ ಎಂದ ಇಬ್ಬರಿಗೆ ಅವರು ‘ಬಾಯಾರು ಬರ್ತಾರ, ಸ್ವಲ್ಪ ತಡೀರಿ’ ಎಂದರಂತೆ. ಇದು ನನಗೆ ಗೊತ್ತಾದದ್ದು ಆ ಇಬ್ಬರಿಂದಲೇ. ಸರ್ ಇವತ್ತಿಗೂ ಬಾಯಿಬಿಟ್ಟಿಲ್ಲ. ಒಂದು ರೂಪಾಯಿ ತೆಗೆದುಕೊಂಡಿಲ್ಲ. ಸರ್, ನಿಮ್ಮ ಋಣ ದೊಡ್ಡದು.

ನಾನು ಮೂರು ಸಂಜೆ ಕಾಯಿಸಿದ ಆ ಹಾರ್ಡ್‌ವೇರ್ ವ್ಯಾಪಾರಿ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಬಿಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ ದಾರ ಕಟ್ಟಿ ತಂದಿದ್ದರು. ನೋಟಿಸ್ ವಿಷಯ ಎತ್ತಲೇ ಇಲ್ಲ. ನಾನೇ ಎತ್ತಿ ತಪ್ಪಾಯಿತು ಎಂದೆ. ‘ಹೋಗ್ಲಿ ಬಿಡ್ರಿ, ಊಟ ಮಾಡೀರಿಲ್ಲೋ?’ ಎಂದರು. ರವಿವಾರ ಪೇಟೆಯ ಅಣ್ಣಾರ ಮನೆಯಿಂದ ಮೂರು ವಾರ ಶೇಂಗಾ ಹೋಳಿಗೆ, ಬೆಣ್ಣೆ, ರೊಟ್ಟಿ ಬಂದವು. ಮೊದಲ ದಿನ ಅರ್ಧ ಹೋಳಿಗೆ ತಿನ್ನಲು ಒಂದು ಗಂಟೆ ಬೇಕಾಯಿತು. ಅಮ್ಮ ಪಕ್ಕದಲ್ಲೇ ಕೂತಿದ್ದಳು.

ಐದು ತಿಂಗಳ ಮೇಲೆ ಮುಟ್ಟು ಮತ್ತೆ ಶುರುವಾಯಿತು. ಈಗ ವಾರಕ್ಕೆ ಮೂರು ದಿನ ಓಡುತ್ತೇನೆ, ವಾಚ್ ಇಲ್ಲದೆ. ಉಳಿದ ದಿನ ಏನೂ ಮಾಡುವುದಿಲ್ಲ. ಕೆಲವು ಬೆಳಿಗ್ಗೆ ಈಗಲೂ ಎದೆ ಡವಡವ ಅನ್ನುತ್ತದೆ. ಅಂಥ ದಿನ ಅಮ್ಮನನ್ನು ಎಬ್ಬಿಸಿ ಚಹಾ ಮಾಡುತ್ತೇನೆ. ನನ್ನ ಹಾಗೆ ಒದ್ದಾಡುವವರಿಗೆ ಒಂದು ನಂಬರ್: ಟೆಲಿ ಮಾನಸ್, 14416. ಸರ್ಕಾರದ್ದು, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಆಫೀಸಿನಲ್ಲೂ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. 20ನೇ ತಾರೀಕು ಮುಗಿದ ಮೇಲೆ ತಿಂಗಳ ಕೊನೆಯವರೆಗೆ ದಿನಕ್ಕೆ ಇಬ್ಬರು ಹಳೆಯ ಕ್ಲೈಂಟ್‌ಗಳಿಗೆ ಫೋನ್ ಮಾಡುತ್ತೇನೆ. ಬಿಲ್ ಕೇಳುವುದಿಲ್ಲ. ಮಗಳ ಪರೀಕ್ಷೆ ಹೇಗಾಯಿತು, ಅತ್ತೆಯವರ ಕಣ್ಣಿನ ಆಪರೇಷನ್ ಆಯಿತಾ, ಹೊಸ ಗೋಡೌನ್ ಸಿಕ್ಕಿತಾ, ಇಷ್ಟೇ. ಮೊದಲ ತಿಂಗಳು ಎಲ್ಲರೂ ಗಾಬರಿಯಾಗಿ ‘ಏನರ ನೋಟಿಸ್ ಬಂತೇನ್ರಿ?’ ಎಂದರು. ಈಗ ಅವರೇ ಫೋನ್ ಮಾಡುತ್ತಾರೆ. ಸಂಜೆ ಐದೂವರೆಗೆ ಫೋನ್ ನನ್ನ ಕೈಯಲ್ಲೇ ಇರುತ್ತದೆ.

ಈ ಶನಿವಾರ ಸಂಜೆ ಆಫೀಸಿನಲ್ಲಿ ಎಲ್ಲರಿಗೂ ಚಹಾ, ಕುಂದಾ ಇಟ್ಟುಕೊಂಡಿದ್ದೇನೆ. ಕಾಕಾ, ಸರ್, ಅಣ್ಣಾರ, ನೀವೆಲ್ಲ ಮನೆಯವರನ್ನು ಕರೆದುಕೊಂಡು ಬನ್ನಿ. ಫೈಲು ತರಬೇಡಿ.