ಕರ್ನಲ್ ಪಾಠದಲ್ಲಿ ಬಿಟ್ಟುಹೋಗುವ ಹಂತಗಳು

ಮಾನ್ಯ ಸಂಪಾದಕರೇ,

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅನ್ನು ಸೋರ್ಸ್ ಕೋಡ್‌ನಿಂದ ನಾವೇ ಕಂಪೈಲ್ ಮಾಡಿಕೊಳ್ಳುವುದು ಹೇಗೆಂದು ಕಲಿಸುವ ಲೇಖನಗಳು ತಂತ್ರಜ್ಞಾನ ಪುಟಗಳಲ್ಲಿ ಬರುವುದು ಸಂತೋಷವೇ. ಆದರೆ ಹೆಚ್ಚಿನವು ಹೇಳುವುದು ಇಷ್ಟು: ಸೋರ್ಸ್ ಇಳಿಸಿಕೊಳ್ಳಿ, ಬೂಟ್ ಡೈರೆಕ್ಟರಿಯಲ್ಲಿರುವ ಕಾನ್ಫಿಗ್ ಫೈಲ್ (ಕರ್ನಲ್‌ನ ಆಯ್ಕೆಗಳ ಪಟ್ಟಿ) ಕಾಪಿ ಮಾಡಿ, ಹೊಸ ಆಯ್ಕೆಗಳಿಗೆ ಡೀಫಾಲ್ಟ್ ತುಂಬಲು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’, ಆಮೇಲೆ ಬಿಲ್ಡ್ ಮಾಡಿ ಡೆಬ್ ಪ್ಯಾಕೇಜ್ ತಯಾರಿಸಲು ‘ಮೇಕ್ ಬಿನ್‌ಡೆಬ್-ಪಿಕೆಜಿ’. ಹೊಸಬರು ಮುಗ್ಗರಿಸುವುದೆಲ್ಲ ಇದರ ನಡುವೆ ಬಿಟ್ಟುಹೋದ ಹಂತಗಳಲ್ಲಿ.

ಆ ಕಾನ್ಫಿಗ್ ಫೈಲ್ ಡಿಸ್ಟ್ರೊದವರು (ಉಬುಂಟುವಿನಂಥ ಲಿನಕ್ಸ್ ವಿತರಣೆಯವರು) ತಮ್ಮ ಬಿಲ್ಡ್ ವ್ಯವಸ್ಥೆಗೆ ಮಾಡಿಕೊಂಡದ್ದು. ಉಬುಂಟುವಿನದರಲ್ಲಿ ‘ಸಿಸ್ಟಮ್ ಟ್ರಸ್ಟೆಡ್ ಕೀಸ್’ ಎಂಬ ಸಾಲು ಉಬುಂಟು ತಯಾರಿಸುವ ಕಂಪನಿ ಕೆನಾನಿಕಲ್‌ನ ಸರ್ಟಿಫಿಕೇಟ್ ಫೈಲನ್ನು ಕೇಳುತ್ತದೆ. ಮೂಲ ಕರ್ನಲ್ ಸೋರ್ಸ್‌ನಲ್ಲಿ ಆ ಫೈಲೇ ಇಲ್ಲ. ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಎಂದು ಬಿಲ್ಡ್ ನಿಲ್ಲುತ್ತದೆ. ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತಿರುವುದರಿಂದ ಈ ಸಾಲು ಎಲ್ಲೋ ಮೇಲೆ ಹೂತುಹೋಗಿ, ಕೊನೆಗೆ ಕಾಣುವುದು ಬರೀ ‘ಎರರ್ 2’. ಅದನ್ನೇ ಹುಡುಕುತ್ತಾ ಕೂತರೆ ಏನೂ ಸಿಗದು. ಔಟ್‌ಪುಟ್ಟನ್ನು ಫೈಲಿಗೆ ಹಾಕಿಸಿ, ಮೂರು ನಕ್ಷತ್ರ ಚಿಹ್ನೆಗಳಿರುವ ಮೊದಲ ಸಾಲು ನೋಡಬೇಕು. ಪರಿಹಾರ ಸುಲಭ: ‘ಸಿಸ್ಟಮ್ ಟ್ರಸ್ಟೆಡ್ ಕೀಸ್’, ‘ಸಿಸ್ಟಮ್ ರಿವೊಕೇಶನ್ ಕೀಸ್’ ಎರಡರ ಮೌಲ್ಯವನ್ನೂ ಕಾನ್ಫಿಗ್ ಫೈಲಿನಲ್ಲಿ ಖಾಲಿ ಮಾಡುವುದು.

ಇನ್ನೊಂದು, ಡಿಸ್ಕ್ ಜಾಗದ ಗೋಳು. ಡಿಸ್ಟ್ರೊ ಕಾನ್ಫಿಗ್‌ನಲ್ಲಿ ಡೀಬಗ್ ಮಾಹಿತಿ (ದೋಷ ಹುಡುಕಲು ನೆರವಾಗುವ ಹೆಚ್ಚುವರಿ ಮಾಹಿತಿ) ಆನ್ ಇರುವುದರಿಂದ ಬಿಲ್ಡ್ ಡೈರೆಕ್ಟರಿ 20 ಜಿಬಿ ದಾಟುತ್ತದೆ, ಡಿಸ್ಕ್ ತುಂಬಿ ಅರ್ಧದಲ್ಲೇ ಕೈಕೊಡುತ್ತದೆ. ‘ಡೀಬಗ್ ಇನ್ಫೋ’ ಆಫ್ ಮಾಡಿ ಎಂದು ಬರೆದರೆ ಸಾಲದು. 5.18ನೇ ಆವೃತ್ತಿಯಿಂದ ಅದನ್ನು ಒಂದು ಆಯ್ಕೆಯ ಗುಂಪು ನಿರ್ಧರಿಸುತ್ತದೆ. ಅದೊಂದನ್ನೇ ಆಫ್ ಮಾಡಿದರೆ ಓಲ್ಡ್‌ಡೆಫ್‌ಕಾನ್ಫಿಗ್ ಸದ್ದಿಲ್ಲದೆ ಮತ್ತೆ ಆನ್ ಮಾಡುತ್ತದೆ. ಈಗಿರುವ ಡ್ವಾರ್ಫ್ (ಡೀಬಗ್ ಮಾಹಿತಿಯ ಒಂದು ರೂಪ) ಆಯ್ಕೆ ತೆಗೆದು ‘ಡೀಬಗ್ ಇನ್ಫೋ ನನ್’ ಹಾಕಬೇಕು. ಆಗ ಬಿಟಿಎಫ್ (ಕರ್ನಲ್‌ನ ಡೇಟಾ ರಚನೆಗಳ ವಿವರ) ಕೂಡ ಹೋಗುತ್ತದೆ, ಅದನ್ನು ನೆಚ್ಚಿದ ಬಿಪಿಎಫ್ ಟೂಲ್‌ಗಳನ್ನು (ಓಡುತ್ತಿರುವ ಕರ್ನಲ್ಲನ್ನು ಗಮನಿಸುವ ಸಾಧನಗಳು) ಬಳಸುವವರು ಇದನ್ನು ಗಮನಿಸಲಿ.

ಬಿಲ್ಡ್ ಬೇಗ ಮುಗಿಯಲೆಂದು ಹಲವರು ‘ಲೋಕಲ್‌ಮಾಡ್‌ಕಾನ್ಫಿಗ್’ ಸೂಚಿಸುತ್ತಾರೆ. ಆ ಕ್ಷಣಕ್ಕೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ಭಾಗಗಳು) ಅದು ಉಳಿಸುತ್ತದೆ. ಪೆನ್‌ಡ್ರೈವ್ ಚುಚ್ಚಿರದಿದ್ದರೆ ಹೊಸ ಕರ್ನಲ್‌ನಲ್ಲಿ ಪೆನ್‌ಡ್ರೈವ್ ಓದಲಾಗದೆ ಹೋಗಬಹುದು.

ಪ್ಯಾಕೇಜ್ ವಿಷಯವನ್ನಂತೂ ಯಾರೂ ಬಿಡಿಸಿ ಹೇಳುವುದಿಲ್ಲ. ಪ್ರತಿ ಬಿಲ್ಡ್‌ಗೂ ‘ಲೋಕಲ್‌ವರ್ಷನ್’ (ಕರ್ನಲ್ ಆವೃತ್ತಿಯ ಹೆಸರಿಗೆ ನಾವು ಸೇರಿಸುವ ಬಾಲ) ಬದಲಿಸಲೇಬೇಕು. ಹೆಸರು ಅದೇ ಇದ್ದರೆ ಹೊಸ ಪ್ಯಾಕೇಜ್ ಹಳೆಯ ಕರ್ನಲ್ಲನ್ನೂ ಮಾಡ್ಯೂಲ್‌ಗಳನ್ನೂ ಅಳಿಸಿ ಅಲ್ಲೇ ಕೂರುತ್ತದೆ. ಬೂಟ್ ಆಗದಿದ್ದಾಗ ಆ ಹಿಂದಿನ ಬಿಲ್ಡ್‌ಗೆ ಮರಳಲು ದಾರಿಯಿಲ್ಲ. ‘ಕೆಡೆಬ್_ಪಿಕೆಜಿವರ್ಷನ್’ ಬದಲಿಸಿದರೆ ಪ್ಯಾಕೇಜಿನ ಸಂಖ್ಯೆ ಮಾತ್ರ ಬದಲಾಗುತ್ತದೆ, ಮಾಡ್ಯೂಲ್ ಡೈರೆಕ್ಟರಿಯ ಹೆಸರಲ್ಲ. ಇಮೇಜ್ (ಕರ್ನಲ್ ಇರುವ) ಪ್ಯಾಕೇಜಿನ ಜೊತೆ ಹೆಡರ್ಸ್ ಪ್ಯಾಕೇಜನ್ನೂ ಹಾಕದಿದ್ದರೆ ಡಿಕೆಎಂಎಸ್ ಡ್ರೈವರ್‌ಗಳು (ಪ್ರತಿ ಕರ್ನಲ್‌ಗೂ ಪ್ರತ್ಯೇಕವಾಗಿ ಬಿಲ್ಡ್ ಆಗುವ ಹೊರಗಿನ ಡ್ರೈವರ್‌ಗಳು) ಬಿಲ್ಡ್ ಆಗುವುದಿಲ್ಲ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಕರ್ನಲ್ಲನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ನಮ್ಮದೇ ಕೀಯನ್ನು ಮೋಕ್‌ಯುಟಿಲ್ ಎಂಬ ಟೂಲ್‌ನಿಂದ ನೋಂದಾಯಿಸಿ ಕರ್ನಲ್‌ಗೆ ಸಹಿ ಹಾಕಬೇಕು.

ಅರ್ಧ ಪಾಠ ನಂಬಿ ಸೋತವರು ತಮ್ಮಿಂದಾಗದ ಕೆಲಸವೆಂದು ಕೈಬಿಡುತ್ತಿರುವುದು ಬೇಸರದ ಸಂಗತಿ. ಇಂಥ ಲೇಖನ ಪ್ರಕಟಿಸುವಾಗ ಯಾವ ಡಿಸ್ಟ್ರೊ, ಯಾವ ಕರ್ನಲ್ ಆವೃತ್ತಿ, ಎಷ್ಟು ಖಾಲಿ ಜಾಗ ಬೇಕು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಸಿ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ ಆರಿಸುವುದು ಹೇಗೆಂಬುದನ್ನೂ ಸೇರಿಸಿ.

ಇಂತಿ,
ನಿಮ್ಮ ಓದುಗ